ಗೋಡೆಯ ಮಾಡದಿಂದ ಮನೆಯ ಮೇಜಿನವರೆಗೆ: ವಸ್ತುಚಿತ್ರದ ಚರಿತ್ರೆ

'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂಬ ಗಾದೆಯನ್ನು ಚಿತ್ರ ಬರೆಯುವ ಮಕ್ಕಳ ಮುಂದೆ ಹೇಳುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಓದು, ಟ್ಯೂಷನ್, ಸಿ.ಇ.ಟಿ., ನೌಕರಿ ಎಂಬ ಓಟದಲ್ಲಿ ಚಿತ್ರಕಲೆ ಎಂದರೆ ಹೊತ್ತು ಕಳೆಯುವ ಕೆಲಸ ಎಂಬ ಭಾವನೆ ಬೇರೂರಿದೆ. ನಮ್ಮ ಸಮಾಜದ ಮನೆಗಳಲ್ಲಿ ಇದರ ಜೊತೆಗೆ ಇನ್ನೊಂದು ಅಳುಕೂ ಇದೆ: ಚಿತ್ರ ಬರೆಯುವುದು ಧರ್ಮಕ್ಕೆ ಒಪ್ಪುತ್ತದೆಯೇ? ಈ ಎರಡು ಕಾರಣಗಳಿಂದ, ಏಳನೆಯ ತರಗತಿಯವರೆಗೆ ಬಣ್ಣದ ಡಬ್ಬಿ ಹಿಡಿದು ಕೂರುತ್ತಿದ್ದ ಎಷ್ಟೋ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಸ್.ಎಸ್.ಎಲ್.ಸಿ. ಹೊತ್ತಿಗೆ ಕುಂಚವನ್ನು ಕೆಳಗಿಟ್ಟುಬಿಡುತ್ತಾರೆ.

ಆದರೆ ಚಿತ್ರಕಲೆಯಲ್ಲಿ ಒಂದು ಪ್ರಕಾರವಿದೆ. ಅದಕ್ಕೆ ದೊಡ್ಡ ಖರ್ಚು ಬೇಡ, ದೂರದ ಊರು ಬೇಡ, ಎದುರಿಗೆ ಕೂರಲು ಮನುಷ್ಯರೂ ಬೇಡ. ಮನೆಯಲ್ಲಿರುವ ಒಂದು ತಂಬಿಗೆ, ಎರಡು ನಿಂಬೆಹಣ್ಣು, ಕಿಟಕಿಯಿಂದ ಬರುವ ಬೆಳಕು ಇವಿಷ್ಟಿದ್ದರೆ ಸಾಕು. ಅದೇ ವಸ್ತುಚಿತ್ರ. ಇದು ಎಲ್ಲಿಂದಲೋ ಬಂದ ಪರದೇಶದ ಕಲೆ ಎಂದು ಅನೇಕರು ತಿಳಿದಿದ್ದಾರೆ. ಇದರ ಚರಿತ್ರೆಯ ಒಂದು ಸುಂದರ ಪುಟ ನಮ್ಮದೇ ಕರ್ನಾಟಕದ ಒಂದು ಮಸೀದಿಯ ಗೋಡೆಯ ಮೇಲಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಆ ಚರಿತ್ರೆಯನ್ನು ಸ್ಥೂಲವಾಗಿ ತಿಳಿಸಿ, ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ವಿದ್ಯಾರ್ಥಿಗಳು ಇದನ್ನು ಹವ್ಯಾಸವಾಗಿ ಹೇಗೆ ಬೆಳೆಸಿಕೊಳ್ಳಬಹುದು ಎಂದು ಹೇಳುವುದೇ ಈ ಲೇಖನದ ಉದ್ದೇಶ.

ಹೆಸರಿನಲ್ಲೇನಿದೆ?

ಮೇಜಿನ ಮೇಲೋ ನೆಲದ ಮೇಲೋ ಜೋಡಿಸಿಟ್ಟ ಪಾತ್ರೆ, ಹಣ್ಣು, ಹೂವು, ಪುಸ್ತಕ, ಬಟ್ಟೆ ಮುಂತಾದ ಅಲುಗದ ವಸ್ತುಗಳನ್ನು ನೋಡಿ ಬರೆಯುವ ಚಿತ್ರಕ್ಕೆ ಇಂಗ್ಲಿಷಿನಲ್ಲಿ 'ಸ್ಟಿಲ್ ಲೈಫ್' ಎನ್ನುತ್ತಾರೆ. ಈ ಮಾತು ಡಚ್ ಭಾಷೆಯ 'ಸ್ಟಿಲ್‌ಲೇವನ್' ಎಂಬುದರಿಂದ ಬಂದಿದೆ. ಹಾಲೆಂಡಿನಲ್ಲಿ 17ನೆಯ ಶತಮಾನದ ನಡುವಿನಲ್ಲಿ ಇದು ಬಳಕೆಗೆ ಬಂತು. ಫ್ರೆಂಚರು ಇದನ್ನು 'ಸತ್ತ ಪ್ರಕೃತಿ' ಎಂಬ ಅರ್ಥದ ಮಾತಿನಿಂದ ಕರೆದರು. ಕನ್ನಡದಲ್ಲಿ ಜಡವಸ್ತು ಚಿತ್ರ, ಸ್ಥಿರಚಿತ್ರ, ವಸ್ತುಚಿತ್ರ ಎಂಬ ಹೆಸರುಗಳಿವೆ. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು 'ಆಬ್ಜೆಕ್ಟ್ ಡ್ರಾಯಿಂಗ್' ಎಂದು ಕಲಿಸುವುದೂ ಇದರ ಮೊದಲ ಮೆಟ್ಟಿಲೇ. ಇವುಗಳಲ್ಲಿ 'ವಸ್ತುಚಿತ್ರ' ಎಂಬುದೇ ಸರಳ. ಚೆನ್ನಾಗಿ ಬರೆದ ತಂಬಿಗೆ ಜಡವಾಗಿಯೂ ಕಾಣುವುದಿಲ್ಲ, ಸತ್ತಂತೆಯೂ ಕಾಣುವುದಿಲ್ಲ.

ದ್ರಾಕ್ಷಿಯೂ ಹಕ್ಕಿಗಳೂ

ರೋಮಿನ ಲೇಖಕ ಪ್ಲಿನಿ ಒಂದು ಹಳೆಯ ಕಥೆಯನ್ನು ದಾಖಲಿಸಿದ್ದಾನೆ. ಗ್ರೀಸಿನಲ್ಲಿ ಸ್ಯೂಕ್ಸಿಸ್ ಮತ್ತು ಪರ್ಹಾಸಿಯಸ್ ಎಂಬ ಇಬ್ಬರು ಚಿತ್ರಕಾರರ ನಡುವೆ ಪಂದ್ಯ ನಡೆಯಿತು. ಸ್ಯೂಕ್ಸಿಸ್ ಬರೆದ ದ್ರಾಕ್ಷಿಯ ಗೊಂಚಲನ್ನು ಕುಕ್ಕಲು ಹಕ್ಕಿಗಳೇ ಹಾರಿ ಬಂದವು. ಗೆದ್ದೆನೆಂದು ಬೀಗಿದ ಅವನು, 'ಇನ್ನು ನಿನ್ನ ಚಿತ್ರದ ಮೇಲಿನ ಪರದೆ ಸರಿಸು' ಎಂದು ಎದುರಾಳಿಗೆ ಹೇಳಿದ. ಆದರೆ ಆ ಪರದೆಯೇ ಪರ್ಹಾಸಿಯಸ್ ಬರೆದ ಚಿತ್ರವಾಗಿತ್ತು! ಹಕ್ಕಿಯನ್ನು ಮರುಳು ಮಾಡಿದವನಿಗಿಂತ ಚಿತ್ರಕಾರನನ್ನೇ ಮರುಳು ಮಾಡಿದವನು ಗೆದ್ದ. ಇದೇ ಪ್ಲಿನಿ ಪಿರೇಕಸ್ ಎಂಬ ಇನ್ನೊಬ್ಬನ ವಿಷಯವನ್ನೂ ಹೇಳುತ್ತಾನೆ. ಅವನು ಕ್ಷೌರದಂಗಡಿ, ಚಮ್ಮಾರನ ಅಂಗಡಿ, ಕತ್ತೆ, ತಿನ್ನುವ ಪದಾರ್ಥ ಇಂಥವನ್ನೇ ಬರೆಯುತ್ತಿದ್ದ. ಜನ ಅವನನ್ನು 'ಕೀಳು ವಸ್ತುಗಳ ಚಿತ್ರಕಾರ' ಎಂದು ಕರೆದರೂ, ಅವನ ಚಿಕ್ಕ ಚಿತ್ರಗಳು ಬೇರೆಯವರ ದೊಡ್ಡ ಚಿತ್ರಗಳಿಗಿಂತ ಹೆಚ್ಚು ಬೆಲೆಗೆ ಮಾರಾಟವಾಗುತ್ತಿದ್ದವಂತೆ.

ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದ ಮನೆಗಳ ಗೋಡೆಗಳಲ್ಲಿ ಗಾಜಿನ ಬೋಗುಣಿಯಲ್ಲಿಟ್ಟ ಹಣ್ಣುಗಳ, ಮೊಟ್ಟೆಗಳ, ಹೂಜಿಗಳ ಚಿತ್ರಗಳು ಇಂದಿಗೂ ಬಣ್ಣ ಮಾಸದೆ ದೊರೆತಿವೆ. ಅಂದರೆ ಈ ಕಲೆಗೆ ಕಡಿಮೆಯೆಂದರೂ 2 ಸಾವಿರ ವರ್ಷಗಳ ವಯಸ್ಸಿದೆ. ಆದರೆ ನಂತರದ ಸಾವಿರಕ್ಕೂ ಹೆಚ್ಚು ವರ್ಷ ಯುರೋಪಿನಲ್ಲಿ ವಸ್ತುಗಳು ಧಾರ್ಮಿಕ ಚಿತ್ರಗಳ ಮೂಲೆಯಲ್ಲಿ ಮಾತ್ರ ಕಾಣಿಸಿಕೊಂಡವು. 1600ರ ಆಸುಪಾಸಿನಲ್ಲಿ ಅವು ಮತ್ತೆ ಚಿತ್ರದ ನಡುವಿಗೆ ಬಂದವು. ಇಟಲಿಯ ಕಾರವಾಜಿಯೊ ಹುಳು ಕೊರೆದ ಸೇಬೂ ಬಾಡಿದ ಎಲೆಯೂ ಇರುವ ಒಂದು ಹಣ್ಣಿನ ಬುಟ್ಟಿಯನ್ನೇ ಇಡೀ ಚಿತ್ರವಾಗಿಸಿದ. ಸ್ಪೇನಿನ ಸಾಂಚೆಸ್ ಕೋತಾನ್ ಗೋಡೆಯ ಮಾಡದಂಥ ಕಲ್ಲಿನ ಚೌಕಟ್ಟಿನಲ್ಲಿ ಎಲೆಕೋಸು, ಸೌತೆಕಾಯಿ, ಕರಬೂಜ ಇಟ್ಟು ಬರೆದ. ಹಿಂದೆ ಕತ್ತಲೆ, ಮುಂದೆ ಬೆಳಕು, ನಡುವೆ ನಾಲ್ಕು ತರಕಾರಿ ಅಷ್ಟೇ. ಈ 'ಮಾಡ'ವನ್ನು ನೆನಪಿಟ್ಟುಕೊಳ್ಳೋಣ. ಮುಂದೆ ಇದು ಮತ್ತೆ ಬರುತ್ತದೆ.

ಹಾರ್ಲೆಮ್‌ನ ಮೇಜಿನ ಮೇಲೆ ಮೆಣಸಿನ ಪೊಟ್ಟಣ

ವಸ್ತುಚಿತ್ರ ತನ್ನ ತುತ್ತತುದಿ ಮುಟ್ಟಿದ್ದು 17ನೆಯ ಶತಮಾನದ ಹಾಲೆಂಡಿನಲ್ಲಿ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಪೂರ್ವ ದೇಶಗಳಿಂದ ಮೆಣಸು, ಚೀನಾದ ಪಿಂಗಾಣಿ, ರೇಷ್ಮೆ ತಂದು ಸುರಿಯುತ್ತಿದ್ದವು. ಊರಿನ ವರ್ತಕರೂ ಅಂಗಡಿಕಾರರೂ ತಮ್ಮ ಮನೆಯ ಗೋಡೆಗೆ ಚಿತ್ರ ಕೊಳ್ಳತೊಡಗಿದರು. ಅವರಿಗೆ ಬೇಕಾದದ್ದು ರಾಜರ ಚಿತ್ರವಲ್ಲ, ತಮ್ಮ ಮನೆಯ ಊಟದ ಮೇಜು. ಹಾರ್ಲೆಮ್ ಎಂಬ ಊರಿನ ವಿಲ್ಲೆಮ್ ಕ್ಲಾಸ್ ಹೇಡಾ ಮತ್ತು ಪೀಟರ್ ಕ್ಲಾಸ್ ಇದರಲ್ಲಿ ಹೆಸರು ಮಾಡಿದರು. ಅರ್ಧ ಸುಲಿದ ನಿಂಬೆಹಣ್ಣು, ಉರುಳಿಬಿದ್ದ ಬೆಳ್ಳಿಯ ಬಟ್ಟಲು, ಮಡಿಕೆ ಬಿದ್ದ ಬಿಳಿ ಬಟ್ಟೆ ಇಷ್ಟನ್ನೇ ಬೂದು, ಕಂದು, ಹಸಿರು ಛಾಯೆಗಳಲ್ಲಿ ಅವರು ಬರೆಯುತ್ತಿದ್ದರು. ಹೇಡಾನ 1635ರ ಚಿನ್ನದ ಬಟ್ಟಲಿನ ಚಿತ್ರ ಇಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ.

ಈ ಇಬ್ಬರ ಚಿತ್ರಗಳಲ್ಲಿ ನಮ್ಮ ಕಣ್ಣಿಗೆ ಬೀಳಬೇಕಾದ ಒಂದು ಚಿಕ್ಕ ವಸ್ತುವಿದೆ. ಅದು ಸುರುಳಿ ಸುತ್ತಿದ ಕಾಗದದ ಪೊಟ್ಟಣ, ಅದರೊಳಗೆ ಮೆಣಸು. ನಮ್ಮ ಕಿರಾಣಿ ಅಂಗಡಿಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಹಳೆಯ ಪೇಪರಿನಲ್ಲಿ ಕಟ್ಟಿಕೊಡುತ್ತಿದ್ದ ಪೊಟ್ಟಣದಂತೆಯೇ ಇದೆ. ಜಾವಾ, ಸುಮಾತ್ರಾ, ಮಲಬಾರದ ಜೊತೆಗೆ ನಮ್ಮ ಕೆನರಾ ಘಟ್ಟದ ಕಾಡುಗಳೂ ಆ ಕಾಲದಲ್ಲಿ ಜಗತ್ತಿಗೆ ಮೆಣಸು ಕೊಡುತ್ತಿದ್ದವು. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ನಮ್ಮ ಹಿತ್ತಲಿನ ಮೆಣಸಿಗೆ ಆ ಚಿತ್ರಗಳಲ್ಲಿ ಬೆಳ್ಳಿಯ ಬಟ್ಟಲಿನ ಪಕ್ಕದಲ್ಲೇ ಜಾಗ ಸಿಕ್ಕಿದೆ.

ಹಾರ್ಲೆಮ್‌ನಿಂದ ಕರ್ನಾಟಕಕ್ಕೆ ಇನ್ನೊಂದು ನೇರ ಕೊಂಡಿಯೂ ಇದೆ. ಅದೇ ಊರಿನ, ಅದೇ ಹೇಡಾ ಹೆಸರಿನ ಕಾರ್ನೆಲಿಸ್ ಎಂಬ ಚಿತ್ರಕಾರ ಪ್ರಾಗ್ ನಗರದ ಚಕ್ರವರ್ತಿಯ ಆಸ್ಥಾನ ಬಿಟ್ಟು ಪೂರ್ವಕ್ಕೆ ಹೊರಟು, 1610ರ ಸುಮಾರಿಗೆ ಬಿಜಾಪುರಕ್ಕೆ ಬಂದು ನೆಲೆಸಿದ. 'ಜಗದ್ಗುರು ಬಾದಶಹ' ಎಂದು ಜನ ಪ್ರೀತಿಯಿಂದ ಕರೆದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸೇವೆಯಲ್ಲಿದ್ದು 1622ರಲ್ಲಿ ತೀರಿಕೊಂಡ. ಸೋದೆಯ ಅರಸರು ಬಿಜಾಪುರಕ್ಕೆ ಕಪ್ಪ ಸಲ್ಲಿಸುತ್ತಿದ್ದ ದಿನಗಳವು. ನಮ್ಮ ಈ ಘಟ್ಟದ ಸೀಮೆಯೂ ಆ ರಾಜಧಾನಿಯ ನೆರಳಿನಲ್ಲೇ ಇತ್ತು.

ಮಿಹ್ರಾಬಿನಲ್ಲಿ ಬರೆದಿಟ್ಟ ಪುಸ್ತಕಗಳು

ಬಿಜಾಪುರ, ಅಂದರೆ ಇಂದಿನ ವಿಜಯಪುರ, ಎಂದೊಡನೆ ಎಲ್ಲರಿಗೂ ಗೋಲಗುಮ್ಮಟ ನೆನಪಾಗುತ್ತದೆ. ಆದರೆ ಚಿತ್ರಕಲೆಯ ವಿದ್ಯಾರ್ಥಿ ಮೊದಲು ಹೋಗಬೇಕಾದದ್ದು ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಪ್ರಾರಂಭವಾದ ಜಾಮಿಯಾ ಮಸೀದಿಗೆ. ಅದರ ವಿಶಾಲವಾದ ಪ್ರಾರ್ಥನಾ ಸಭಾಂಗಣ ಸುಣ್ಣದ ಬಿಳುಪಿನಲ್ಲಿ ಸರಳವಾಗಿದೆ. ಪಶ್ಚಿಮದ ಗೋಡೆಯ ನಡುವಿನ ಮಿಹ್ರಾಬ್ ಮಾತ್ರ ಚಿನ್ನ ಹಾಗೂ ಬಣ್ಣಗಳಿಂದ ಹೊಳೆಯುತ್ತದೆ. ಸುಲ್ತಾನ್ ಮುಹಮ್ಮದ್ ಆದಿಲ್ ಶಾಹನ ಆಜ್ಞೆಯಂತೆ 1636ರಲ್ಲಿ ಮಲಿಕ್ ಯಾಕೂತ್ ಎಂಬಾತ ಈ ಅಲಂಕಾರ ಮಾಡಿಸಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ.

ಏನಿದೆ ಆ ಚಿತ್ರಗಳಲ್ಲಿ? ಪವಿತ್ರ ಬರಹಗಳ ನಡುವೆ ಗುಮ್ಮಟಗಳು, ಮಿನಾರುಗಳು, ಸರಪಳಿಯಿಂದ ತೂಗುಬಿಟ್ಟ ಧೂಪದಾನಿಗಳು, ಹೂವು ತುಂಬಿದ ಹೂದಾನಿಗಳು ಇವೆ. ಎಲ್ಲಕ್ಕಿಂತ ಸೊಗಸಾದದ್ದೆಂದರೆ ಗೋಡೆಯ ಮಾಡಗಳು, ಅವುಗಳಲ್ಲಿ ಇಟ್ಟ ಪುಸ್ತಕಗಳು. ನಿಜವಾದ ಮಾಡವಲ್ಲ, ನಿಜವಾದ ಪುಸ್ತಕವಲ್ಲ, ಬರೆದದ್ದು. ಮಿಹ್ರಾಬ್ ಎಂದರೆ ಅದೂ ಗೋಡೆಯಲ್ಲಿನ ಒಂದು ಮಾಡವೇ. ಆ ದೊಡ್ಡ ಮಾಡದೊಳಗೆ ಪುಸ್ತಕ ಹೊತ್ತ ಚಿಕ್ಕ ಮಾಡಗಳು. ಮನುಷ್ಯನಿಲ್ಲ, ಪ್ರಾಣಿಯಿಲ್ಲ, ಪಕ್ಷಿಯಿಲ್ಲ. ವಸ್ತುಗಳು ಮಾತ್ರ ಇವೆ.

ಕಾಲವನ್ನು ಗಮನಿಸಿ. ಹಾರ್ಲೆಮ್‌ನಲ್ಲಿ ಹೇಡಾ ಚಿನ್ನದ ಬಟ್ಟಲು ಬರೆದದ್ದು 1635. ಬಿಜಾಪುರದಲ್ಲಿ ಮಿಹ್ರಾಬಿಗೆ ಚಿನ್ನದ ಲೇಪ ಬಿದ್ದದ್ದು 1636. ಒಂದನ್ನು ನೋಡಿ ಇನ್ನೊಂದು ಬರೆದದ್ದಲ್ಲ. ಒಂದರ ಹಿಂದೆ ವರ್ತಕರ ಸಮೃದ್ಧಿ ಇದೆ, ಇನ್ನೊಂದರ ಹಿಂದೆ ಪ್ರಾರ್ಥನೆ ಇದೆ. ಹಾರ್ಲೆಮ್‌ನ ಚಿತ್ರ ಬೆಳಕು-ನೆರಳಿನಿಂದ ವಸ್ತುವಿಗೆ ತೂಕ ಕೊಡುತ್ತದೆ. ಬಿಜಾಪುರದ್ದು ರೇಖೆ, ಬಣ್ಣ ಹಾಗೂ ಚಿನ್ನದಿಂದ ಅದಕ್ಕೆ ಗೌರವ ಕೊಡುತ್ತದೆ. ಆದರೂ ಬಳಸುವ ವಸ್ತುವೇ ಚಿತ್ರಕ್ಕೆ ಯೋಗ್ಯ ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ. ವಿಜಯಪುರದಲ್ಲೇ 1646ರ ಸುಮಾರಿನ ಅಸರ್ ಮಹಲಿನ ಮೇಲಂತಸ್ತಿನ ಕೋಣೆಗಳಲ್ಲೂ ಹೂದಾನಿಗಳ ಭಿತ್ತಿಚಿತ್ರಗಳಿವೆ.

ಉತ್ತರದ ಮೊಘಲರಲ್ಲೂ ಇದೇ ಒಲವು ಕಾಣುತ್ತದೆ. ಆಗ್ರಾದಲ್ಲಿ ನೂರ್ ಜಹಾನ್ ತನ್ನ ತಂದೆಗಾಗಿ 1622ರಿಂದ 1628ರವರೆಗೆ ಕಟ್ಟಿಸಿದ ಇತಿಮಾದುದ್ದೌಲಾ ಸಮಾಧಿಯ ಗೋಡೆಗಳ ತುಂಬ ಸುರಾಹಿ, ಬಟ್ಟಲು, ಹಣ್ಣು, ಹೂದಾನಿಗಳಿವೆ. ಕೆಲವು ಬಣ್ಣದಲ್ಲಿವೆ, ಕೆಲವು ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿ ಮಾಡಿದವು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ 1620ರಲ್ಲಿ ಕಾಶ್ಮೀರದ ನೂರಕ್ಕೂ ಹೆಚ್ಚು ಹೂವುಗಳನ್ನು ಬರೆದನೆಂದು ಬಾದಶಹನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅವುಗಳಲ್ಲಿ ಉಳಿದುಬಂದ ಒಂದು ಕೆಂಪು ಟುಲಿಪ್ ಹೂವಿನ ಚಿತ್ರ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೌಲಾನಾ ಆಜಾದ್ ಗ್ರಂಥಾಲಯದಲ್ಲಿದೆ. ರಾಜಕುಮಾರ ದಾರಾ ಶಿಕೋಹ್ ತನ್ನ ಪತ್ನಿ ನಾದಿರಾ ಬಾನು ಬೇಗಂಗೆ ಕಾಣಿಕೆಯಾಗಿ ಕೊಟ್ಟ ಚಿತ್ರಸಂಪುಟದಲ್ಲೂ ಹೂವುಗಳ ಪುಟಗಳು ಹೇರಳವಾಗಿವೆ.

ಇಲ್ಲಿ ಧರ್ಮದ ಪ್ರಶ್ನೆಗೆ ಬರೋಣ. ಜೀವಿಗಳ ಚಿತ್ರ ಬರೆಯುವ ವಿಷಯದಲ್ಲಿ ಉಲಮಾಗಳ ನಡುವೆ ಹಿಂದಿನಿಂದಲೂ ಚರ್ಚೆಯಿದೆ. ಅದನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಸಹೀಹ್ ಬುಖಾರಿಯಲ್ಲಿರುವ ಒಂದು ವರದಿಯನ್ನು ನೆನೆಯಬಹುದು. ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬಾತ ಹಜ್ರತ್ ಇಬ್ನು ಅಬ್ಬಾಸ್ (ರ) ಅವರ ಬಳಿ ಬಂದು ದಾರಿ ಕೇಳಿದಾಗ, ಮರಗಿಡಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯುವಂತೆ ಅವರು ತಿಳಿಸಿದರೆಂದು ಅಲ್ಲಿದೆ. ಬಿಜಾಪುರದ ಮಿಹ್ರಾಬ್ ಆ ದಾರಿಯಲ್ಲೇ ನಡೆದ ಕಲೆ. ಆದ್ದರಿಂದ ಮಗಳು ತಂಬಿಗೆ, ಹೂವು, ಪುಸ್ತಕ ಬರೆಯುತ್ತೇನೆಂದರೆ ಅಳುಕಲು ಕಾರಣವಿಲ್ಲ.

ಕೊನೆಯ ಬೆಂಚಿನ ಕಲೆ

ವಸ್ತುಚಿತ್ರಕ್ಕೆ ಬಹಳ ಕಾಲ ಕೊನೆಯ ಬೆಂಚೇ ಗತಿಯಾಗಿತ್ತು. 1667ರಲ್ಲಿ ಪ್ಯಾರಿಸ್ಸಿನ ಕಲಾ ಅಕಾಡೆಮಿಯ ಪರವಾಗಿ ಫೆಲಿಬಿಯೆನ್ ಎಂಬ ವಿದ್ವಾಂಸ ಚಿತ್ರಗಳಿಗೆ ಶ್ರೇಣಿ ಹಾಕಿದ. ಎಲ್ಲಕ್ಕಿಂತ ಮೇಲೆ ಇತಿಹಾಸ ಮತ್ತು ಪುರಾಣದ ಚಿತ್ರ, ಆಮೇಲೆ ಭಾವಚಿತ್ರ, ಪ್ರಾಣಿ, ನಿಸರ್ಗದೃಶ್ಯ. ಎಲ್ಲಕ್ಕಿಂತ ಕೆಳಗೆ ಹಣ್ಣು, ಹೂವು, ಪಾತ್ರೆ. ಆದರೆ ಕೆಳಗಿಟ್ಟ ಬಾಗಿಲಿನಿಂದಲೇ ಹೊರಗಿನವರು ಒಳಗೆ ಬಂದರು. ಮನುಷ್ಯದೇಹವನ್ನು ನೋಡಿ ಬರೆಯುವ ತರಗತಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಮನೆಯ ಮೇಜಿನ ಮೇಲಿನ ವಸ್ತುಗಳನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕ್ಲಾರಾ ಪೀಟರ್ಸ್ 17ನೆಯ ಶತಮಾನದ ಮೊದಲಲ್ಲೇ ಈ ಕಲೆಯಲ್ಲಿ ಮುಂಚೂಣಿಯಲ್ಲಿದ್ದಳು. ಹೊಳೆಯುವ ಲೋಹದ ಪಾತ್ರೆಗಳ ಮೇಲೆ ಕಡುಕಿನಷ್ಟು ಚಿಕ್ಕದಾಗಿ ತನ್ನದೇ ಪ್ರತಿಬಿಂಬ ಬರೆದಿಟ್ಟಳು. ಮ್ಯಾಡ್ರಿಡ್ಡಿನ ಪ್ರಾಡೋ ಮ್ಯೂಸಿಯಂ 2016ರಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳಾ ಕಲಾವಿದೆಗೆಂದೇ ಪ್ರದರ್ಶನ ಏರ್ಪಡಿಸಿದಾಗ ಅದು ಅವಳದ್ದೇ ಆಗಿತ್ತು. ರೇಚಲ್ ರೊಯಿಷ್ (1664–1750) ಹೂವಿನ ಚಿತ್ರಗಳಿಂದಲೇ ಯುರೋಪಿನಾದ್ಯಂತ ಹೆಸರಾದಳು.

ಪ್ಯಾರಿಸ್ಸಿನ ಶಾರ್ಡೆನ್ 1728ರಲ್ಲಿ 'ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರ'ನೆಂದು ಅಕಾಡೆಮಿ ಸೇರಿದ. ಅಡಿಗೆಮನೆಯ ನೀರು ತುಂಬುವ ತಾಮ್ರದ ಪಾತ್ರೆಯೊಂದನ್ನು ಅವನು ಬರೆದಿದ್ದಾನೆ. ಆ ಚಿತ್ರ ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. ನಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ಬಲ್ಲವರಿಗೆ ಆ ಚಿತ್ರ ಅಪರಿಚಿತ ಎನಿಸುವುದಿಲ್ಲ. ಸೆಜಾನ್ (1839–1906) ಸೇಬುಗಳನ್ನು ಎಷ್ಟು ನಿಧಾನವಾಗಿ ಬರೆಯುತ್ತಿದ್ದನೆಂದರೆ ಹೂವು ಬಾಡಿಹೋಗುವ ಭಯಕ್ಕೆ ಕಾಗದದ ಹೂವು ಇಟ್ಟುಕೊಳ್ಳುತ್ತಿದ್ದ. ಆಧುನಿಕ ಚಿತ್ರಕಲೆ ಹುಟ್ಟಿದ್ದು ಆ ಸೇಬುಗಳ ಮೇಜಿನ ಮೇಲೆ ಎಂದರೆ ಅತಿಶಯೋಕ್ತಿಯಲ್ಲ. ಇಟಲಿಯ ಬೊಲೋನ್ಯಾ ಪಟ್ಟಣದ ಮೊರಾಂಡಿ (1890–1964) ತನ್ನ ಮಲಗುವ ಕೋಣೆಯಲ್ಲೇ ಕುಳಿತು, ಅವೇ ಬಾಟಲಿ, ಅವೇ ಡಬ್ಬಿಗಳನ್ನು ಸ್ಥಳ ಬದಲಿಸಿ ಬದಲಿಸಿ ಜೀವನವಿಡೀ ಬರೆದು ಜಗತ್ಪ್ರಸಿದ್ಧನಾದ. ಊರು ಬಿಟ್ಟು ಹೋಗದೆಯೂ ಕಲಾವಿದರಾಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ಜೋಯಿಡಾದ ಗಡಿಯಾಚೆಯ ಗೋವಾದಲ್ಲಿ, ಸಾಲಿಗಾಂವ್ ಎಂಬ ಹಳ್ಳಿಯಲ್ಲಿ 1924ರಲ್ಲಿ ಹುಟ್ಟಿದ ಎಫ್.ಎನ್. ಸೋಜಾ ಆಧುನಿಕ ಭಾರತೀಯ ಚಿತ್ರಕಲೆಯ ದೊಡ್ಡ ಹೆಸರು. ಬಾಲ್ಯದಲ್ಲಿ ಇಗರ್ಜಿಯಲ್ಲಿ ಕಂಡ ಪೂಜಾಪಾತ್ರೆಗಳು ಅವರ ವಸ್ತುಚಿತ್ರಗಳಲ್ಲಿ ದಪ್ಪ ಕಪ್ಪು ಗೆರೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮನೆಯ, ಊರಿನ, ನಂಬಿಕೆಯ ವಸ್ತುವೇ ಅವರಿಗೂ ಬಂಡವಾಳವಾಯಿತು.

ಡ್ರಾಯಿಂಗ್ ಪರೀಕ್ಷೆಯ ದಾರಿಯಲ್ಲಿ

ನಮ್ಮ ತಾಲ್ಲೂಕುಗಳ ಶಾಲೆಗಳಿಗೆ ವಸ್ತುಚಿತ್ರ ಬಂದದ್ದು ಮುಂಬಯಿಯ ದಾರಿಯಿಂದ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಆಡಳಿತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ಏಕೀಕರಣದವರೆಗೆ ಅಲ್ಲೇ ಇತ್ತು. ಮುಂಬಯಿಯಲ್ಲಿ ಜಮಶೇಟ್‌ಜಿ ಜೀಜೀಭಾಯಿ ಅವರ ದಾನದಿಂದ 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆ ಇಡೀ ಪ್ರಾಂತಕ್ಕೆ ಮಾದರಿಯಾಯಿತು. ಅದೇ ಪ್ರಾಂತದ ಪದ್ಧತಿಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳು ಊರೂರಿನ ಹೈಸ್ಕೂಲುಗಳನ್ನು ತಲುಪಿದವು. ಜೆ.ಜೆ.ಯಲ್ಲಿ ಕಲಿತ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಟ್ಟಿದ ಕಲಾಶಾಲೆ ನಮ್ಮ ಭಾಗಕ್ಕೆ ಅತ್ಯಂತ ಸಮೀಪದ ಕಲಾಕೇಂದ್ರವಾಯಿತು. ಏಕೀಕರಣದ ನಂತರ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳ ಹೆಸರಿನಲ್ಲಿ ಅದೇ ಪಾಠ ಮುಂದುವರಿಯಿತು.

ಈ ಪರೀಕ್ಷೆಗಳಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಸಾಮಾನ್ಯ ಮನೆಯ ಮಕ್ಕಳ ಕೈಗೆ ಪೆನ್ಸಿಲ್ ಬಂತು. ಡ್ರಾಯಿಂಗ್ ಮಾಸ್ತರರಾಗುವ ಒಂದು ಜೀವನೋಪಾಯ ದೊರೆಯಿತು. ಆದರೆ ಚೌಕದ ಪೆಟ್ಟಿಗೆ, ಕೊಳವೆ, ಒಂದು ಹೂಜಿ ಇವನ್ನು ಅಳತೆಗೆ ಸರಿಯಾಗಿ ಬರೆದು ಅಂಕ ಪಡೆಯುವುದೇ ಗುರಿಯಾಗಿ, ಪ್ರಮಾಣಪತ್ರ ಕೈಗೆ ಬಂದೊಡನೆ ಚಿತ್ರ ನಿಂತುಹೋಯಿತು. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ತೊಂದರೆ ಸೇರಿಕೊಂಡಿದೆ. ಅನೇಕ ಮಕ್ಕಳು ಎದುರಿನ ವಸ್ತುವನ್ನು ನೋಡಿ ಬರೆಯುವ ಬದಲು ಮೊಬೈಲಿನಲ್ಲಿ ಸಿಕ್ಕ ಚಿತ್ರವನ್ನು ನಕಲು ಮಾಡುತ್ತಾರೆ. ನಕಲು ಚಿತ್ರ ಅಂದವಾಗಿ ಕಾಣಬಹುದು, ಆದರೆ ನೋಡುವ ಕಷ್ಟವನ್ನು ಬೇರೊಬ್ಬರು ಆಗಲೇ ಪಟ್ಟಿರುತ್ತಾರೆ. ಕಲಿಕೆ ಇರುವುದು ಆ ಕಷ್ಟದಲ್ಲಿಯೇ.

ನಮ್ಮ ನಾಲ್ಕು ಊರುಗಳ ಸಂಪತ್ತು

ಬರೆಯಲು ಏನಿದೆ ಎಂದು ಕೇಳುವವರು ನಮ್ಮ ಸುತ್ತ ಒಮ್ಮೆ ಕಣ್ಣಾಡಿಸಬೇಕು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ದಶಕಗಳಿಂದ ಕಾಗದ ತಯಾರಿಸುತ್ತಿದೆ. ಒಂದು ಕಾಲಕ್ಕೆ ಈ ಕಾಡಿನ ಬಿದಿರೇ ಅದರ ಮುಖ್ಯ ಕಚ್ಚಾವಸ್ತುವಾಗಿತ್ತು. ಕಾಗದದ ಊರಿನ ಮಕ್ಕಳಿಗೆ ಚಿತ್ರ ಬರೆಯಲು ಕಾಗದವಿಲ್ಲ ಎನ್ನುವಂತಿಲ್ಲ! ಜೋಯಿಡಾದಲ್ಲಿ ಕುಣಬಿ ಸಮಾಜದವರು ನಡೆಸುವ ಗೆಡ್ಡೆಗೆಣಸು ಮೇಳದಲ್ಲಿ ಮೇಜಿನ ಮೇಲೆ ಸಾಲಾಗಿ ಇಟ್ಟ ಗೆಡ್ಡೆಗಳನ್ನು ನೋಡಿದವರಿಗೆ ಸಾಂಚೆಸ್ ಕೋತಾನನ ತರಕಾರಿಗಳು ನೆನಪಾಗಬೇಕು. ಮಣ್ಣು ಮೆತ್ತಿದ ಸಿಪ್ಪೆ, ಬೇರಿನ ಕೂದಲು, ಕೊಯ್ದಾಗ ಕಾಣುವ ಬಿಳಿ, ನೇರಳೆ ತಿರುಳು ಇವೆಲ್ಲ ಬಣ್ಣದ ಒಂದು ಶಾಲೆಯೇ ಸರಿ.

ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳು ಈಗ ದೇಶವಿದೇಶದ ಪ್ರದರ್ಶನಗಳಿಗೆ ಹೋಗಿವೆ. ಡಚ್ ಚಿತ್ರಕಾರರು ಮೇಜಿಗೆ ತುರ್ಕಿಯ ರತ್ನಗಂಬಳಿ ಹಾಸುತ್ತಿದ್ದರು; ನಮ್ಮ ಮಕ್ಕಳು ಕೌದಿ ಹಾಸಿ ಅದರ ಮೇಲೆ ವಸ್ತುಗಳನ್ನಿಡಬಹುದು. ಪಕ್ಕದ ಖಾನಾಪುರ ಮಣ್ಣಿನ ಪಾತ್ರೆಗಳಿಗೆ ಹೆಸರುವಾಸಿ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟಿಯನ್ನರ ಥಂಕಾ ಚಿತ್ರಗಳ ಕೆಳಭಾಗವನ್ನು ಗಮನಿಸಿ. ಅಲ್ಲಿ ಕನ್ನಡಿ, ವಾದ್ಯ, ಸುಗಂಧ ತುಂಬಿದ ಶಂಖ, ಹಣ್ಣು, ರೇಷ್ಮೆಬಟ್ಟೆ ಇರುತ್ತವೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂಬ ಪಂಚೇಂದ್ರಿಯಗಳ ಅರ್ಪಣೆಗಳು ಅವು. ಬೌದ್ಧರ ಮಠದಲ್ಲೂ ವಸ್ತುಚಿತ್ರಕ್ಕೆ ಹೀಗೊಂದು ಗೌರವದ ಸ್ಥಾನವಿದೆ.

ಇನ್ನು ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಪಾನದಾನ, ಗುಲಾಬ್‌ದಾನಿ, ವುಜೂವಿನ ತಾಮ್ರದ ತಂಬಿಗೆ, ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ, ಕಿತಾಬು ಇಡುವ ಕಟ್ಟಿಗೆಯ ರೆಹಾಲ್, ಲಾಟೀನು ಇವೆ. ಇವುಗಳಲ್ಲಿ ಎಷ್ಟೋ ಈಗಾಗಲೇ ಗುಜರಿ ಅಂಗಡಿ ಸೇರಿವೆ. ಪ್ಲಾಸ್ಟಿಕ್ ಬಂದ ಮೇಲೆ ಯಾವ ಮನೆಯಲ್ಲಿ ಯಾವ ಪಾತ್ರೆಯಿತ್ತು, ಅದರ ಕುತ್ತಿಗೆ ಹೇಗಿತ್ತು, ಹಿಡಿಕೆ ಎಲ್ಲಿತ್ತು ಎಂಬುದು ಮುಂದಿನ ಪೀಳಿಗೆಗೆ ತಿಳಿಯುವುದು ಹೇಗೆ? ಪಾಂಪೇಯ ಜನ ಏನು ತಿಂದರು, ಹಾರ್ಲೆಮ್‌ನ ಜನ ಯಾವ ಬಟ್ಟಲಲ್ಲಿ ಕುಡಿದರು ಎಂಬುದನ್ನು ಇಂದು ನಾವು ವಸ್ತುಚಿತ್ರಗಳಲ್ಲೂ ಕಾಣುತ್ತೇವೆ. ಹಳಿಯಾಳ, ದಾಂಡೇಲಿಯ ಮನೆಗಳಲ್ಲಿ ಏನಿತ್ತು ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ಇಂದಿನ ನಮ್ಮ ಮಕ್ಕಳು.

ಹವ್ಯಾಸವಾಗಿ ಆರಂಭಿಸುವವರಿಗೆ

ಮೊದಲು ಮೂರೇ ವಸ್ತು ಆರಿಸಿಕೊಳ್ಳಿ: ಒಂದು ಎತ್ತರದ್ದು, ಒಂದು ಗುಂಡಗಿನದು, ಒಂದು ಚಿಕ್ಕದು. ಮೂರನ್ನೂ ಸೈನಿಕರಂತೆ ಸಾಲಾಗಿ ನಿಲ್ಲಿಸಬೇಡಿ. ಒಂದು ಇನ್ನೊಂದನ್ನು ಸ್ವಲ್ಪ ಮರೆಮಾಡಲಿ. ಬೆಳಕು ಒಂದೇ ಕಡೆಯಿಂದ, ಕಿಟಕಿಯಿಂದ ಬರಲಿ, ಟ್ಯೂಬ್‌ಲೈಟ್ ಆರಿಸಿ. ಪ್ರತಿದಿನ ಒಂದೇ ಹೊತ್ತಿಗೆ ಕುಳಿತರೆ ನೆರಳು ಬಹಳ ಸ್ಥಳ ಬದಲಿಸುವುದಿಲ್ಲ.

ಪೆನ್ಸಿಲನ್ನು ಕೈಚಾಚಿ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಂಬಿಗೆಯ ಎತ್ತರಕ್ಕೆ ಅದರ ಅಗಲ ಎಷ್ಟು ಪಾಲು ಎಂದು ಅಳೆಯಿರಿ. ತಂಬಿಗೆಯ ನಡುವೆ ಒಂದು ತೆಳು ಗೆರೆ ಎಳೆದುಕೊಂಡರೆ ಎಡ ಬಲ ಸಮನಾಗುತ್ತವೆ. ಹೊಸಬರು ತಪ್ಪುವುದು ಪಾತ್ರೆಯ ಬಾಯಿಯಲ್ಲಿ. ಅದು ದುಂಡಗಿದೆ ಎಂದು ನಮಗೆ ಗೊತ್ತು, ಆದರೆ ಕಣ್ಣಿಗೆ ಅದು ಚಪ್ಪಟೆಯಾದ ಅಂಡಾಕಾರವಾಗಿ ಕಾಣುತ್ತದೆ. ಕಣ್ಣಿನ ಮಟ್ಟದಲ್ಲಿಟ್ಟರೆ ಬರೀ ಗೆರೆ. ಕೆಳಗೆ ಇಳಿಸಿದಷ್ಟೂ ಅಂಡಾಕಾರ ಅಗಲವಾಗುತ್ತದೆ. ಆದ್ದರಿಂದ ಪಾತ್ರೆಯ ತಳದ ವಕ್ರತೆ ಬಾಯಿಯ ವಕ್ರತೆಗಿಂತ ಹೆಚ್ಚಿರಬೇಕು. ಗೊತ್ತಿರುವುದನ್ನು ಬಿಟ್ಟು ಕಾಣುವುದನ್ನು ಬರೆಯುವುದು, ಇದೇ ವಸ್ತುಚಿತ್ರದ ಮೊದಲ ಪಾಠ, ಕೊನೆಯ ಪಾಠವೂ ಅದೇ.

ಆಮೇಲೆ ಕಣ್ಣನ್ನು ಅರೆಮುಚ್ಚಿ ನೋಡಿ. ಸಣ್ಣಪುಟ್ಟ ವಿವರಗಳು ಮರೆಯಾಗಿ ಬೆಳಕು, ಮಧ್ಯಮ ಛಾಯೆ, ಕತ್ತಲು ಎಂಬ ಮೂರು ಭಾಗಗಳು ಉಳಿಯುತ್ತವೆ. ಮೊದಲು ಆ ಮೂರನ್ನೇ ತುಂಬಿರಿ. ನೆರಳು ಕಪ್ಪಲ್ಲ ಎಂಬುದನ್ನು ಮರೆಯಬೇಡಿ. ಕೆಂಪು ಕೌದಿಯ ಮೇಲಿಟ್ಟ ಹಿತ್ತಾಳೆಯ ನೆರಳಿನ ಅಂಚಿನಲ್ಲಿ ಕೆಂಪು ಮಿನುಗುತ್ತದೆ. ವಾಟರ್ ಕಲರ್ ಬಳಸುವವರು ತಿಳಿಯಿಂದ ಗಾಢಕ್ಕೆ ಹೋಗಬೇಕು. ಹೊಳಪಿನ ಜಾಗದಲ್ಲಿ ಕಾಗದದ ಬಿಳುಪನ್ನೇ ಬಿಡಬೇಕು. ಹಣ್ಣು, ಹೂವುಗಳನ್ನು ಮೊದಲು ಮುಗಿಸಿ, ತಂಬಿಗೆ ಕಾಯುತ್ತದೆ, ಬಾಳೆಹಣ್ಣು ಕಾಯುವುದಿಲ್ಲ. ಒಂದೇ ತಂಬಿಗೆಯನ್ನು ಹತ್ತು ಸಲ ಬರೆಯಲು ಬೇಸರಿಸಬೇಡಿ. ಚಿತ್ರದ ಹಿಂದೆ ತಾರೀಖು, ವಸ್ತುವಿನ ಹೆಸರು, ಅದು ಯಾರದು, ಯಾವಾಗಿನದು ಎಂದು ಬರೆದಿಡಿ.

ಪಾಲಕರಿಗೂ ಶಿಕ್ಷಕರಿಗೂ ಒಂದು ಮಾತು

ವಸ್ತುಚಿತ್ರದಿಂದ ಎಲ್ಲರೂ ಕಲಾವಿದರಾಗುವುದಿಲ್ಲ, ಆಗಬೇಕೆಂದೂ ಇಲ್ಲ. ಒಂದು ಗಂಟೆ ಒಂದೇ ವಸ್ತುವಿನ ಎದುರು ಕೂತು ಗಮನವಿಟ್ಟು ನೋಡಬಲ್ಲ ಹುಡುಗಿ ಸೂಕ್ಷ್ಮದರ್ಶಕದ ಎದುರೂ, ರೋಗಿಯ ಎದುರೂ, ಕಟ್ಟಡದ ನಕ್ಷೆಯ ಎದುರೂ ಹಾಗೆಯೇ ಕೂರಬಲ್ಲಳು. ಶಾಲೆಗಳು ವರ್ಷಕ್ಕೊಮ್ಮೆ 'ನಮ್ಮ ಮನೆಯ ಪಾತ್ರೆ' ಎಂಬ ಚಿತ್ರ ಪ್ರದರ್ಶನ ಏರ್ಪಡಿಸಿದರೆ ಹೆಚ್ಚಿನ ಖರ್ಚೂ ಬೀಳದು. ಮಕ್ಕಳ ಚಿತ್ರಗಳ ಪಕ್ಕದಲ್ಲಿ ಆ ಪಾತ್ರೆಗಳನ್ನೇ ಇಡಬಹುದು. ವಾರ್ಷಿಕ ಪ್ರವಾಸದಲ್ಲಿ ವಿಜಯಪುರಕ್ಕೆ ಹೋಗುವ ಶಾಲೆಗಳು ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬಸ್ಸು ಹತ್ತುವುದಷ್ಟೇ ಬೇಡ. ಅರ್ಧ ಗಂಟೆ ಜಾಮಿಯಾ ಮಸೀದಿಗೂ ಮೀಸಲಿಡಲಿ. 1636ರಲ್ಲಿ ಹೆಸರು ಉಳಿಯದ ಕುಶಲಕರ್ಮಿಗಳು ಪ್ರಾರ್ಥನೆಯ ಗೋಡೆಯಲ್ಲಿ ಪುಸ್ತಕಗಳನ್ನು ಬರೆದಿಟ್ಟು ಹೋಗಿದ್ದಾರೆ. ವಿದ್ಯೆಗಾಗಿ ದುಡಿಯುವ ಸಮಾಜಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಇನ್ನೊಂದಿಲ್ಲ. ಅದನ್ನು ಮಕ್ಕಳಿಗೆ ತೋರಿಸುವ, ತೋರಿಸಿದ ಮೇಲೆ ಅವರ ಕೈಗೊಂದು ಪೆನ್ಸಿಲ್ ಕೊಡುವ ಹೊಣೆ ಹಿರಿಯರಾದ ನಮ್ಮೆಲ್ಲರದು.